ಹದಿನಾಲ್ಕನೇ ಕೋಣೆಯ ಮೂವರು

ಸೋಮವಾರ ಬೆಳಿಗ್ಗೆ ಸೂಚನಾ ಫಲಕದ ಮೇಲೆ ಕೋಣೆಗಳ ಪಟ್ಟಿ ಅಂಟಿಸಿದ್ದರು. ನಮ್ಮ ರಸಾಯನಶಾಸ್ತ್ರ ವಿಭಾಗದ ಇಪ್ಪತ್ತೆರಡು ಕೋಣೆಗಳು, ಒಂದೊಂದರ ಎದುರಿಗೂ ಹಿಂದಿನ ವಾರ ಅದರೊಳಗೆ ಎಷ್ಟು ಮಂದಿ ಹೋದರು ಎಂಬ ಸಂಖ್ಯೆ. ಕಟ್ಟಕಡೆಯ ಸಾಲು ಕೆಂಪು ಶಾಯಿಯಲ್ಲಿತ್ತು: ಕೋಣೆ ೧೪, ಆರು.

ಆ ಆರರಲ್ಲಿ ಐದು ಸಲ ಹೋದದ್ದು ಊದಪ್ಪ, ದಿನಕ್ಕೊಮ್ಮೆಯಂತೆ. ಆರನೆಯದು ಬೆಕ್ಕು.

ಮೂವತ್ತು ಸಾವಿರ ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯದಲ್ಲಿ ಜಾಗದ ಜಗಳ ಹೊಸದೇನಲ್ಲ. ಗಣಿತದವರು ಮೆಟ್ಟಿಲ ಕೆಳಗೆ ಪಾಠ ಮಾಡುತ್ತಾರೆ. ಭೂಗೋಳದವರ ಬಳಿ ಜಗತ್ತಿನ ನಕ್ಷೆಗಳೆಲ್ಲ ಇವೆ, ಅವನ್ನು ಬಿಡಿಸಿಡಲು ಒಂದು ಮೇಜಿಲ್ಲ. ಎರಡು ತಿಂಗಳ ಹಿಂದೆ ಆಡಳಿತದವರು ಪ್ರತಿ ಬಾಗಿಲ ಮೇಲೂ ಒಂದು ಬಿಳಿ ಡಬ್ಬಿ ಕೂರಿಸಿದರು. ಬಿಸಿ ಮೈಯೊಂದು ಬಾಗಿಲು ದಾಟಿದರೆ ಅದು ಎಣಿಸುತ್ತದೆ: ಒಳಗೆ ಎಷ್ಟು, ಹೊರಗೆ ಎಷ್ಟು. ಸತತ ಎರಡು ವಾರ ನಲವತ್ತಕ್ಕಿಂತ ಕಡಿಮೆ ಮಂದಿ ಹೊಕ್ಕ ಕೋಣೆಯನ್ನು ವಿಭಾಗದಿಂದ ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತಾರೆ. ಲೆಕ್ಕ ಹಿಡಿಯತೊಡಗಿದ್ದು ಹಿಂದಿನ ವಾರದಿಂದ, ಹದಿನಾಲ್ಕನೇ ಕೋಣೆಗೆ ಅದೇ ಮೊದಲ ಕೆಂಪು ವಾರ. ಅದರ ಮೇಲೆ ಆಗಲೇ ನವೋದ್ಯಮ ಕೇಂದ್ರದವರ ಕಣ್ಣು ಬಿದ್ದಿತ್ತು. ಅಲ್ಲಿ ಹುಡುಗರು ಮೆತ್ತನೆಯ ಚೀಲಗಳ ಮೇಲೆ ಕೂತು ಯೋಚಿಸುತ್ತಾರಂತೆ.

ಹದಿನಾಲ್ಕನೇ ಕೋಣೆ ಗಾಜು ಊದುವ ಕೋಣೆ. ನಮ್ಮ ಪ್ರಯೋಗಾಲಯಗಳಲ್ಲಿ ಒಡೆಯುವ ಪ್ರತಿ ಫ್ಲಾಸ್ಕು, ಕಂಡೆನ್ಸರು, ಬ್ಯುರೆಟ್ಟು ಅಲ್ಲಿಗೆ ಹೋಗಿ ಜೀವ ಪಡೆದು ಬರುತ್ತದೆ. ಇಪ್ಪತ್ತೇಳು ವರ್ಷಗಳಿಂದ ಅದನ್ನು ಮಾಡುತ್ತಿರುವವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ. ಎಲ್ಲರಿಗೂ ಅವನು ಊದಪ್ಪ. ನಾನು ವಿದ್ಯಾರ್ಥಿನಿಯಾಗಿದ್ದಾಗ ಒಡೆದ ಮೊದಲ ಪಿಪೆಟ್ಟನ್ನು ಬೆಸೆದುಕೊಟ್ಟವನೂ ಅವನೇ.

ಅಲ್ಲಿಗೆ ಜನ ಬರುವುದಿಲ್ಲವೆಂದಲ್ಲ. ಬಾಗಿಲಿನಿಂದ ಬರುವುದಿಲ್ಲ, ಅಷ್ಟೆ. ಬಾಗಿಲು ಬರ್ನರಿನ ನೇರ ಬೆನ್ನಿಗಿದೆ. ಹೊರಗಿನ ಓಣಿಯಂಥ ಉದ್ದನೆಯ ಹಾದಿಯ ಗಾಳಿ ಬಾಗಿಲು ತೆರೆದೊಡನೆ ಕಾದ ಗಾಜಿಗೆ ಬಡಿಯುತ್ತದೆ, ಗಾಜು ಬಿರಿಯುತ್ತದೆ. ಅದಕ್ಕೇ ಊದಪ್ಪ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡರೆ ತೆಗೆಯುವುದು ಸಂಜೆ ಐದಕ್ಕೆ. ಮಿಕ್ಕವರೆಲ್ಲ ಪಕ್ಕದ ಮೆಟ್ಟಿಲ ಮರೆಯಲ್ಲಿರುವ ಸೊಂಟದೆತ್ತರದ ಕಿಟಕಿಗೆ ಹೋಗಿ ಒಡಕು ಕೊಟ್ಟು, ಬೈಗುಳ ತಿಂದು, ಮರುದಿನ ಸಾಮಾನು ತರುತ್ತಾರೆ. ಬಿಳಿ ಡಬ್ಬಿಗೆ ಕಿಟಕಿಯ ಸುದ್ದಿ ಗೊತ್ತಿಲ್ಲ.

ಗೊತ್ತುಪಡಿಸಬೇಕಾಗಿದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಡಬ್ಬಿ ಕೂರಿಸುವ ಮುನ್ನ ಪ್ರತಿ ಕೋಣೆಗೂ ಒಂದು ನಮೂನೆ ತುಂಬಬೇಕಿತ್ತು. ವಿಭಾಗದ ಪರವಾಗಿ ಆ ಕೆಲಸ ನನ್ನ ತಲೆಗೆ ಬಂತು. ಕೋಣೆಯ ಬಗೆ ಆರಿಸಲು ಒಂದು ಪಟ್ಟಿ: ತರಗತಿ, ಪ್ರಯೋಗಾಲಯ, ಕಚೇರಿ, ಉಗ್ರಾಣ, ಇತರೆ. 'ಇತರೆ' ಒತ್ತಿದರೆ ಮಾತ್ರ 'ಕೆಲಸ ನಡೆಯುವಾಗ ಬಾಗಿಲು ಮುಚ್ಚಿರಬೇಕೆ' ಎಂಬ ಪ್ರಶ್ನೆ ಬರುತ್ತದೆ, ಹೌದೆಂದರೆ ಆ ಕೋಣೆಗೆ ಎಣಿಕೆಯಿಂದ ವಿನಾಯಿತಿ. ಆದರೆ ಜೊತೆಗೆ ಇನ್ನೂರು ಪದಗಳ ವಿವರಣೆ ಬರೆಯಬೇಕು. ಆಗ ಗಂಟೆ ಐದಕ್ಕೆ ಹತ್ತು ನಿಮಿಷ. ಮೇಜಿನ ಮೇಲೆ ನೂರಾನಲವತ್ತು ಉತ್ತರಪತ್ರಿಕೆಗಳು. ದಶಮಾಂಶ ಬಿಂದು ಮರೆತವರಿಗೆ ಅರ್ಧ ಅಂಕ ಕಳೆಯುತ್ತೇನೆಂದು ವಿದ್ಯಾರ್ಥಿಗಳು ನನಗೆ 'ದಶಮಾಂಶ' ಎಂದೇ ಹೆಸರಿಟ್ಟಿದ್ದಾರೆ. ಅಂಥ ನಾನು ಹದಿನಾಲ್ಕನೇ ಕೋಣೆಯ ಎದುರು 'ಉಗ್ರಾಣ' ಎಂದು ಒತ್ತಿ ಮನೆಗೆ ಹೋದೆ.

ಪಟ್ಟಿ ನೋಡಿದ ಮೇಲೆ ಕಿಟಕಿಗೆ ಹೋದೆ. ಊದಪ್ಪ ಬರ್ನರ್ ಆರಿಸಿ ಕನ್ನಡಕ ಹಣೆಗೇರಿಸಿದ.

"ಡಾಕ್ಟ್ರಮ್ಮ, ಏನು ಒಡೆದ್ರಿ?"

"ಏನೂ ಒಡೆದಿಲ್ಲ. ಪಟ್ಟಿ ನೋಡಿದ್ರಾ?"

"ನೋಡಿದೆ. ಬೆಕ್ಕಿಗೂ ಹಾಜರಿ ಹಾಕಿದ್ದಾರೆ. ರೂಮು ಹೋದ್ರೆ ನನ್ನನ್ನ ದಾಖಲೆ ವಿಭಾಗಕ್ಕೆ ಹಾಕ್ತಾರಂತೆ. ಕಡತಕ್ಕೆ ಚೀಟಿ ಅಂಟಿಸೋ ಕೆಲಸ. ಇನ್ನೂ ನಾಲ್ಕು ವರ್ಷ."

"ಆರಾಮಾಗಿ ಕೂತು ಮಾಡೋ ಕೆಲಸ ಅಲ್ವಾ," ಎಂದೆ. ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

ಅವನು ಎರಡೂ ಕೈ ಕಿಟಕಿಯ ಹಲಗೆಯ ಮೇಲಿಟ್ಟು ತೋರಿಸಿದ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಸುಮ್ನಿದ್ರೆ ಹೀಗೆ, ಎರಡು ವರ್ಷ ಆಯ್ತು. ಬೆಂಕಿ ಮುಂದೆ ಮಾತ್ರ ನೆಟ್ಟಗೆ ನಿಲ್ತವೆ. ಚೀಟಿ ಸೊಟ್ಟ ಅಂಟಿಸಿದ್ರೆ ಪಾಪ, ಕಡತಕ್ಕೆ ಬೇಜಾರಾಗಲ್ವಾ?"

ಆಗಲೇ ನಿಜ ಹೇಳಬೇಕಿತ್ತು. ಬದಲಿಗೆ "ಏನಾದ್ರೂ ಮಾಡೋಣ," ಎಂದು ಬಂದೆ.

ಏನು ಮಾಡುವುದೆಂದು ಹೇಳಿದವಳು ನನ್ನ ಸಂಶೋಧನಾ ವಿದ್ಯಾರ್ಥಿನಿ. ಸೇರಿದ ಮೊದಲ ತಿಂಗಳಲ್ಲೇ ಮೂರು ಕಂಡೆನ್ಸರ್ ಚೂರು ಮಾಡಿದ್ದರಿಂದ ಊದಪ್ಪ ಅವಳಿಗೆ ಚೂರಮ್ಮ ಎಂದು ಹೆಸರಿಟ್ಟಿದ್ದ. ಅವಳ ಪ್ರಬಂಧಕ್ಕೆ ಬೇಕಾದ ಸುರುಳಿ ಕಂಡೆನ್ಸರನ್ನು ಅವನು ಆ ವಾರವೇ ಬೆಸೆಯಬೇಕಿತ್ತು. ಗಾಜಿನ ಕೊಳವೆಯೊಳಗೆ ಗಾಜಿನ ಸುರುಳಿ, ಕೊಳ್ಳಲು ಹೋದರೆ ಎಲ್ಲೂ ಸಿಗದ ಅಳತೆ.

"ಮೇಡಂ, ಆ ಡಬ್ಬಿ ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರೋಣ. ಡಬ್ಬಿಗೆ ತಲೆ ತಾನೇ ಬೇಕು? ಹಾಸ್ಟೆಲಿನಲ್ಲಿ ನಾಲ್ಕು ಸಾವಿರ ತಲೆ ಸುಮ್ನೆ ಬಿದ್ದಿವೆ."

"ಸುಳ್ಳು ಅಂಕಿ ಅದು."

"ತಲೆ ನಿಜದ್ದೇ ಮೇಡಂ. ಹೋಗೋ ಕಾರಣ ಮಾತ್ರ ಸುಳ್ಳು."

ಒಪ್ಪಿಕೊಂಡೆ. ಅಷ್ಟೇ ಅಲ್ಲ, ಅದರಲ್ಲೂ ನನ್ನ ಬುದ್ಧಿ ಬಿಡಲಿಲ್ಲ. ದಿನಕ್ಕೆ ಸರಿಯಾಗಿ ಹನ್ನೆರಡು ಮಂದಿ ಹೋದರೆ ಎಂಥ ಮಂಕನಿಗೂ ಅನುಮಾನ ಬರುತ್ತದೆ. ನಿಜವಾದ ಅಂಕಿಗೆ ಏರುಪೇರಿರುತ್ತದೆ, ಸುಳ್ಳು ಅಂಕಿಯೇ ನುಣ್ಣಗಿರುವುದು. ಹಾಗಾಗಿ ಸಂಜೆ ಮನೆಯಲ್ಲಿ ಕೂತು, ಲೆಕ್ಕದ ಪ್ರಕಾರ ಏರುಪೇರು ಹಾಕಿ, ಮಂಗಳವಾರದಿಂದ ಶುಕ್ರವಾರದವರೆಗಿನ ವೇಳಾಪಟ್ಟಿ ಮಾಡಿದೆ: ಹದಿನಾಲ್ಕು, ಒಂಬತ್ತು, ಹದಿನೇಳು, ಹನ್ನೆರಡು.

ಎದುರಿಗೆ ಅತ್ತೆ ಬಟ್ಟೆ ಮಡಿಸುತ್ತಿದ್ದರು. ಅವರು ಮೂವತ್ತು ವರ್ಷ ಸಿನಿಮಾ ಮಂದಿರದ ಬಾಗಿಲಲ್ಲಿ ನಿಂತು ಟಿಕೆಟ್ ಹರಿದವರು.

"ಏನಮ್ಮಾ ಅಷ್ಟು ಹೊತ್ತಿಂದ ಗೀಚ್ತಿದ್ದೀಯ?"

ಹೇಳಿದೆ. ಉಗ್ರಾಣದ ವಿಷಯವನ್ನೂ ಹೇಳಿದೆ. ಅತ್ತೆಗೆ ಹೇಳುವುದು ಸುಲಭ, ಅವರು ನನ್ನನ್ನು ಬೈಯಬೇಕಾದ್ದನ್ನೆಲ್ಲ ಮದುವೆಯಾದ ಮೊದಲ ವರ್ಷವೇ ಬೈದು ಮುಗಿಸಿದ್ದಾರೆ.

"ಒಂದು ಪುಟ ಬರೆಯೋ ಸೋಮಾರಿತನಕ್ಕೆ ಈಗ ನಾಲ್ಕು ದಿನದ ಮೆರವಣಿಗೆ," ಎಂದರು ಅತ್ತೆ ದಿಂಬಿನ ಚೀಲ ಕೊಡವುತ್ತ. "ಒಳಗೆ ಹೋಗೋರನ್ನ ಎಣಿಸೋದೇನು ಮಹಾ. ಹೊರಗೆ ಬರೋರ ಲೆಕ್ಕ ನಮ್ಮಲ್ಲಿ ಒಂದಿನವೂ ಸರಿಬಂದಿದ್ದಿಲ್ಲ ನೋಡು."

ಅದನ್ನು ನಾನು ಹಳೆಯ ಕತೆಯೆಂದು ತಿಳಿದೆ.

ಮಂಗಳವಾರ ಮೆರವಣಿಗೆ ಶುರುವಾಯಿತು. ಚೂರಮ್ಮ ಹಾಸ್ಟೆಲಿನಿಂದ ಗೆಳತಿಯರನ್ನು, ಗೆಳತಿಯರ ಗೆಳೆಯರನ್ನು, ಸಮಯ ಕಳೆಯಲು ಜಾಗ ಹುಡುಕುತ್ತಿದ್ದ ಇತಿಹಾಸದವರನ್ನು ಕರೆತಂದಳು. ಒಬ್ಬೊಬ್ಬರೂ ಬಾಗಿಲಿನಿಂದ ಹೋಗಿ ಗೋಡೆಗೆ ಒರಗಿ ಐದು ನಿಮಿಷ ನಿಂತು ಬರಬೇಕು. ಊದಪ್ಪನಿಗೆ ಇದು ಬಿಸಿ ತುಪ್ಪದಂತಾಗಿತ್ತು, ಉಗುಳಲಾರ, ನುಂಗಲಾರ. ಮೂರನೆಯವನು ಬಾಗಿಲು ತೆರೆದಾಗಲೇ ಬೆಸೆಯುತ್ತಿದ್ದ ಫ್ಲಾಸ್ಕಿನ ಕತ್ತಿನಲ್ಲಿ 'ಟಿಕ್' ಎಂದಿತು.

ನನ್ನನ್ನು ಕಿಟಕಿಗೆ ಕರೆಸಿ ಬಿರುಕು ತೋರಿಸಿದ. "ನನ್ನ ರೂಮು ಉಳಿಸೋಕೆ ನನ್ನ ಗಾಜು ಒಡೀತಿದ್ದೀರಿ."

"ನಿಮ್ಮ ಅನುಕೂಲ ನೋಡ್ಕೊಂಡು ಬರೋ ಹಾಗೆ ಹೇಳ್ತೀನಿ."

"ಬಾಗಿಲಿಗೆ ಕೆಂಪು ಬಟ್ಟೆ ಕಟ್ತೀನಿ. ಬಟ್ಟೆ ಇದ್ದಾಗ ಬಾಗಿಲು ಮುಟ್ಟೋ ಹಾಗಿಲ್ಲ. ಒಳಗಿಂದಾನೂ ಅಷ್ಟೇ, ಹೊರಗಿಂದಾನೂ ಅಷ್ಟೇ. ಕುಲಪತಿ ಬಂದ್ರೂ ಅಷ್ಟೇ."

ಕೆಂಪು ಬಟ್ಟೆಯ ಏರ್ಪಾಡು ಚೆನ್ನಾಗಿಯೇ ನಡೆಯಿತು. ಗುರುವಾರದ ಹೊತ್ತಿಗೆ ಇತಿಹಾಸದ ಹುಡುಗರು ಯಾರೂ ಕರೆಯದೆಯೇ ಬರತೊಡಗಿದ್ದರು, ನನ್ನ ಹದಿನೇಳಕ್ಕೆ ಹದಿನೆಂಟಾಗದಂತೆ ಒಬ್ಬನನ್ನು ಬಾಗಿಲಲ್ಲೇ ತಡೆಯಬೇಕಾಯಿತು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಭದ್ರತಾ ವಿಭಾಗದವರೊಬ್ಬರು ಬಂದರು. ಆತ ಹಿಂದೆ ಸೈನ್ಯದಲ್ಲಿದ್ದವರು. ದಿನಾ ಮೂರಕ್ಕೆ, ಬೆಂಕಿ ಬಿದ್ದರೆ ಯಾವ ಕೋಣೆಯಿಂದ ಎಷ್ಟು ಜನರನ್ನು ಹೊರತರಬೇಕು ಎಂಬುದನ್ನು ಡಬ್ಬಿಗಳ ಲೆಕ್ಕ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಅವರ ಕೆಲಸ. ಹದಿನಾಲ್ಕರ ಬಾಗಿಲಲ್ಲಿ ಕೆಂಪು ಬಟ್ಟೆ ಇತ್ತು. ಅವರು ಕಿಟಕಿಗೆ ಹೋಗಿ ಬಗ್ಗಿ ನೋಡಿ, ನನ್ನ ಕೋಣೆಗೆ ಬಂದರು.

"ಮೇಡಂ, ಈ ವಾರ ಅಲ್ಲಿ ಒಳಗೆ ಹೋದೋರು ಐವತ್ತೇಳು. ಹೊರಗೆ ಬಂದೋರು ಐವತ್ತಮೂರು. ಒಳಗೆ ನಾಲ್ಕು ಜನ ಇರ್ಬೇಕು. ಕಾಣ್ತಿರೋದು ಒಬ್ರೇ."

"ಬೀರುವಿನ ಹಿಂದೆ ಇರಬಹುದು," ಎಂದಳು ಚೂರಮ್ಮ.

"ಮೂರು ಜನಾನಾ?"

ನಾನು ಚೂರಮ್ಮನನ್ನು ನೋಡಿದೆ. ಅವಳು ಛಾವಣಿ ನೋಡಿದಳು. ಭದ್ರತೆಯವರು ಮೇಲಿನವರಿಗೆ ವರದಿ ಮಾಡಲು ಹೋದ ಮೇಲೆ ಬಾಯಿಬಿಟ್ಟಳು. ಬೆಳಿಗ್ಗೆ ಮೂವರು ಒಳಗಿದ್ದಾಗಲೇ ಸುರುಳಿ ಕಂಡೆನ್ಸರಿನ ಬೆಸುಗೆ ಶುರುವಾಯಿತಂತೆ. ಎರಡು ಗಂಟೆ ಬಾಗಿಲು ತೆರೆಯುವಂತಿಲ್ಲ. ಮೂವರಿಗೂ ಹತ್ತಕ್ಕೆ ಪರೀಕ್ಷೆ. ಊದಪ್ಪ ತಲೆಯೆತ್ತದೆ, "ಕಿಟಕಿಯಿಂದ ಹಾರ್ಕೊಂಡು ಹೋಗ್ರಪ್ಪ," ಎಂದನಂತೆ.

ಹಿಂದಿನ ವಾರ ಬೆಕ್ಕು ಬಾಗಿಲಲ್ಲೇ ಬಂದು ಬಾಗಿಲಲ್ಲೇ ಹೋಗಿತ್ತು. ಅದಕ್ಕಿದ್ದ ಶಿಸ್ತು ನಮ್ಮವರಿಗಿರಲಿಲ್ಲ.

ಅರ್ಧ ಗಂಟೆಯಲ್ಲಿ, ವಿಭಾಗಗಳಿಗೆ ಕೋಣೆ ಹಂಚುವ ಜಾಗದ ಅಧಿಕಾರಿ ಬಂದರು. ಅವರು ಸಂಖ್ಯಾಶಾಸ್ತ್ರದ ಹಿರಿಯ ಪ್ರಾಧ್ಯಾಪಕರು, ನಿವೃತ್ತಿಗೆ ಒಂದು ವರ್ಷವಿದೆಯೆಂದು ಯಾರೂ ಒಪ್ಪದ ಈ ಹುದ್ದೆ ಅವರ ಪಾಲಿಗೆ ಬಂದಿತ್ತು. ಎಲ್ಲರೂ ಅವರನ್ನು ಸರಾಸರಿ ಸಾರ್ ಎನ್ನುತ್ತಾರೆ. ನನಗೂ ಎಂ.ಎಸ್ಸಿ.ಯಲ್ಲಿ ಒಂದು ಪತ್ರಿಕೆ ಪಾಠ ಮಾಡಿದ್ದರು. ನೇರ ಕಿಟಕಿಗೆ ಹೋದರು, ಹಿಂದೆಯೇ ನಾನು. ಊದಪ್ಪ ಉರಿಯ ಮುಂದೆ ಕೂತು ಕೊಳವೆಯನ್ನು ತಿರುಗಿಸುತ್ತಿದ್ದ. ತಿರುಗಿಸುವುದು ನಿಲ್ಲಿಸಿದರೆ ಮೆತ್ತಗಾದ ಗಾಜು ಜೋತುಬೀಳುತ್ತದೆ, ಹಾಗಾಗಿ ಆಗ ಅವನು ಯಾರೊಡನೆಯೂ ಮಾತಾಡುವುದಿಲ್ಲ. ಅವನ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಸರಾಸರಿ ಸಾರ್ ಕಾದರು. ಅಷ್ಟರಲ್ಲಿ ಒಬ್ಬಳು ಒಡೆದ ಬೀಕರ್ ತಂದಿಟ್ಟು ಹೋದಳು. ಇನ್ನೊಬ್ಬ ಬ್ಯುರೆಟ್ಟಿನ ಎರಡು ತುಂಡು ತಂದ. ಜೀವಶಾಸ್ತ್ರದಿಂದ ಇಬ್ಬರು ಬಂದರು. ಸಾರ್ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಗೀಟು ಹಾಕತೊಡಗಿದರು. ಅರ್ಧ ಗಂಟೆಯಲ್ಲಿ ಒಂಬತ್ತು ಗೀಟಾದವು.

"ಇದು ಉಗ್ರಾಣ ಅಂತ ಇದೆಯಲ್ಲ ನಮ್ಮ ದಾಖಲೆಯಲ್ಲಿ," ಎಂದರು ನನ್ನ ಕಡೆ ತಿರುಗದೆ. "ಊದಪ್ಪನನ್ನ ಬಿಟ್ರೆ ಹದಿನಾಲ್ಕು, ಒಂಬತ್ತು, ಹದಿನೇಳು, ಹನ್ನೆರಡು. ಏರುಪೇರು ಸೊಗಸಾಗಿದೆ. ಯಾರು ಮಾಡಿದ್ದು?"

"ನಾನೇ ಸಾರ್."

"ಎಲ್ಲಿ ಕಲಿತಿರಿ?"

"ನೀವೇ ಕಲಿಸಿದ್ದು."

ಅವರು ಕೆಮ್ಮಿದರು. ನಾನು ಉಳಿದದ್ದನ್ನೂ ಹೇಳಿದೆ. ಉತ್ತರಪತ್ರಿಕೆ, ಐದಕ್ಕೆ ಹತ್ತು ನಿಮಿಷ, ಇನ್ನೂರು ಪದ, ಉಗ್ರಾಣ, ಹಾಸ್ಟೆಲಿನ ತಲೆಗಳು, ಕಿಟಕಿ ಹಾರಿದ ಮೂವರು. ಕಿಟಕಿ ತೆರೆದೇ ಇತ್ತು. ಒಂದೊಂದು ಮಾತೂ ಒಳಗೆ ಕೇಳಿಸುತ್ತದೆಂದು ಗೊತ್ತಿದ್ದೇ ಹೇಳಿದೆ. ಊದಪ್ಪನ ಬೆನ್ನು ಅಲುಗಲಿಲ್ಲ. ಗಾಜು ಒಂದೇ ವೇಗದಲ್ಲಿ ತಿರುಗುತ್ತಲೇ ಇತ್ತು. ಆ ಬೆಸುಗೆ ಮುಗಿಯಲು ಇನ್ನೂ ಆರು ನಿಮಿಷ ಹಿಡಿಯಿತು. ನನ್ನ ವೃತ್ತಿಯಲ್ಲಿ ನಾನು ಬಹಳ ಸಂಗತಿಗಳಿಗೆ ಕಾದಿದ್ದೇನೆ, ಅಷ್ಟು ಉದ್ದದ ಆರು ನಿಮಿಷ ನೋಡಿಲ್ಲ.

ಕೊನೆಗೆ ಅವನು ತುಂಡನ್ನು ನಿಧಾನವಾಗಿ ತಣಿಸುವ ಒಲೆಗಿಟ್ಟು, ಉರಿ ತಗ್ಗಿಸಿ ಕಿಟಕಿಗೆ ಬಂದ.

"ಉಗ್ರಾಣ," ಎಂದ.

"ತಪ್ಪಾಯ್ತು. ಸೋಮವಾರವೇ ಹೇಳಬೇಕಿತ್ತು."

ಅವನು ಕೈ ಒರೆಸಿಕೊಂಡ. "ಬರೆದಿದ್ದಕ್ಕೆ ಬೇಜಾರಿಲ್ಲ ಡಾಕ್ಟ್ರಮ್ಮ. ನನ್ನ ಹೆಂಡ್ತಿ ಮನೇಲಿ ನನ್ನನ್ನೇ ಹಾಗೆ ಕರೀತಾಳೆ, ಹಳೇ ಸಾಮಾನೆಲ್ಲ ನನ್ನ ಹೊಟ್ಟೇಲೇ ಇದೆಯಂತೆ. ಆದ್ರೆ ಹೇಳಿದ್ರೆ ನಾನೇ ಇನ್ನೂರು ಪದ ಹೇಳಿ ಬರೆಸ್ತಿದ್ನಲ್ಲ. ಐವತ್ತೆರಡು ಜನಾನ ಮೆರೆಸಿದ್ರಿ, ಒಂದು ಮಾತು ಬರಲಿಲ್ಲ ನಿಮಗೆ."



ಸರಾಸರಿ ಸಾರ್ ಪುಸ್ತಕ ಮುಚ್ಚಿದರು. "ಈಗ ನನ್ನ ಪಾಡು ಕೇಳಿ. ಈ ವಾರದ ಅಂಕಿ ಸುಳ್ಳು, ಹಾಗಾಗಿ ಇದೂ ಕೆಂಪು ವಾರವೇ. ಸೋಮವಾರ ಕಂಪ್ಯೂಟರ್ ತಾನಾಗೇ ಕೋಣೆ ವರ್ಗಾಯಿಸತ್ತೆ. 'ಇತರೆ' ಅಂತ ತಿದ್ದೋಕೆ ಸಮಿತಿ ಒಪ್ಪಬೇಕು, ಅದು ಸೇರೋದು ಮೂರು ವಾರ ಬಿಟ್ಟು. ತಡೆಯೋ ದಾರಿ ಒಂದೇ. ಒಳಗೆ ಜನ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ತೋರಿಸ್ತಿರೋವರೆಗೆ ಕಂಪ್ಯೂಟರ್ ಕೋಣೆ ಬಿಟ್ಟುಕೊಡಲ್ಲ."

"ಒಳಗೆ ಯಾರೂ ಇಲ್ಲ ಸಾರ್. ನಾನೇ ಹೇಳ್ತಿದ್ದೀನಲ್ಲ." ಈ ಸಲ ನಿಜ ಹೇಳಲು ತಡಮಾಡಲಿಲ್ಲ. ಹೇಳಿದ ಮೇಲೆ ನಾನೇ ಕೋಣೆಯನ್ನು ಕೈಯೆತ್ತಿ ಕೊಟ್ಟುಬಿಟ್ಟೆನೆಂದು ಹೊಳೆಯಿತು.

"ನೀವು ಹೇಳ್ತಿದ್ದೀರಿ," ಎಂದರು ಅವರು ಸಾವಧಾನವಾಗಿ. "ನಾಲ್ಕು ದಿನ ಸುಳ್ಳು ಅಂಕಿ ಕೊಟ್ಟವರ ಬಾಯಿಮಾತನ್ನ ನಾನು ದಾಖಲೆಗೆ ತಗೊಳ್ಳೋಕಾಗತ್ತಾ? ನಾನೇ ಬಾಗಿಲು ತೆಗೆದು ಒಳಗೆ ಹೋಗಿ ಎಣಿಸಬೇಕು." ಊದಪ್ಪನ ಕಡೆ ತಿರುಗಿದರು. "ಯಾವಾಗ ಬರಬಹುದು?"

ಊದಪ್ಪ ಇಪ್ಪತ್ತೇಳು ವರ್ಷ ಸರ್ಕಾರಿ ನೌಕರ. ಎಳೆ ಸಿಕ್ಕರೆ ಹಿಡಿಯದಿರುವವನಲ್ಲ.

"ಒಂಬತ್ತರಿಂದ ಐದು ಬಾಗಿಲು ತೆಗೆಯೋ ಹಾಗಿಲ್ಲ ಸಾರ್. ಐದರ ಮೇಲೆ ಬನ್ನಿ."

"ಕಚೇರಿ ಹೊತ್ತು ಮುಗಿದ ಮೇಲೆ ಮಾಡಿದ ತಪಾಸಣೆ ಊರ್ಜಿತ ಅಲ್ಲ. ಊಟದ ಹೊತ್ತು?"

"ಆಗ ಗಾಜು ತಣೀತಿರತ್ತೆ. ಬಿಸಿ ಗಾಜಿಗಿಂತ ತಣಿಯೋ ಗಾಜು ಸೂಕ್ಷ್ಮ."

"ಹಾಗಾದ್ರೆ ಯಾವಾಗ?"

"ಈ ಸುರುಳಿ ಕೆಲಸ ಮುಗೀಲಿ ಸಾರ್. ಒಂದು ಮೂರು ವಾರ."

ಸರಾಸರಿ ಸಾರ್ ಪುಸ್ತಕ ಮತ್ತೆ ತೆರೆದು ಬರೆದುಕೊಂಡರು, ಬರೆಯುತ್ತ ಓದಿದರು: "ಒಳಗಿರುವವರ ಸಂಖ್ಯೆಯ ಪರಿಶೀಲನೆ ಬಾಕಿ. ಕೆಲಸ ನಡೆಯುತ್ತಿರುವುದರಿಂದ ಬಾಗಿಲು ತೆರೆಯುವಂತಿಲ್ಲ." ಆಮೇಲೆ ನನಗೆ, "ಇನ್ನೂರು ಪದ ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲಿರಲಿ. ಸುಳ್ಳು ಅಂಕಿ ಯಾಕೆ ಕೊಟ್ಟಿರಿ ಅನ್ನೋದಕ್ಕೆ ಬೇರೆ ಒಂದು ಪತ್ರ. ಅದಕ್ಕೆ ಪದದ ಮಿತಿ ಇಲ್ಲ."

ಇನ್ನೂರು ಪದಗಳನ್ನು ಕಿಟಕಿಯ ಹೊರಗೆ ನಿಂತು ಬರೆದೆ, ಊದಪ್ಪ ಹೇಳಿ ಬರೆಸಿದ. 'ದುರಸ್ತಿ' ಎಂದು ಬರೆದಿದ್ದನ್ನು ಹೊಡೆಸಿ 'ತಯಾರಿಕೆ ಮತ್ತು ದುರಸ್ತಿ' ಎಂದು ಮಾಡಿಸಿದ. ಎರಡನೆಯ ಪತ್ರವನ್ನು ಒಬ್ಬಳೇ ಬರೆದೆ. ಅದರ ಫಲವಾಗಿ ಬಂದ ಎಚ್ಚರಿಕೆಯ ಪತ್ರ ನನ್ನ ಸೇವಾ ಕಡತದಲ್ಲಿದೆ. ಅದಕ್ಕೆ ಅಂಟಿಸಿದ ಚೀಟಿ ನೆಟ್ಟಗಿದೆ.

ಆ ಮೂರು ವಾರ ಭದ್ರತೆಯವರು ದಿನಾ ಮೂರಕ್ಕೆ ಬಂದು, ಕಿಟಕಿಯಲ್ಲಿ ಬಗ್ಗಿ, ರಿಜಿಸ್ಟರಿನಲ್ಲಿ 'ಊದಪ್ಪ ಮತ್ತು ಮೂವರು' ಎಂದು ಬರೆದುಕೊಂಡು ಹೋದರು. ಊದಪ್ಪನಿಗೂ ಅವರ ಅಭ್ಯಾಸವಾಯಿತು. ಯಾರಾದರೂ ಅವಸರ ಮಾಡಿದರೆ, "ನಮ್ಮ ಮೂವರಿಗೆ ಹೇಳಿದ್ದೀನಿ, ಮಾಡ್ತಾರೆ," ಎನ್ನುತ್ತಿದ್ದ.

ಸಮಿತಿ ಸೇರುವ ದಿನ ಬೆಳಿಗ್ಗೆ ಸುರುಳಿ ಕಂಡೆನ್ಸರ್ ಒಲೆಯಿಂದ ಹೊರಬಂತು. ಗಾಜಿನೊಳಗೆ ಬಿಗಿ ಉಳಿದಿದ್ದರೆ ಬರಿಗಣ್ಣಿಗೆ ಕಾಣುವುದಿಲ್ಲ. ತಂಪು ಕನ್ನಡಕದ ಗಾಜಿನಂಥ ಎರಡು ಕಪ್ಪು ಹಾಳೆಗಳ ನಡುವೆ ಹಿಡಿದು ಬೆಳಕಿಗೆ ನೋಡಿದರೆ ಬಿಗಿಯಿರುವ ಕಡೆ ಬಣ್ಣಬಣ್ಣದ ಪಟ್ಟಿಗಳೇಳುತ್ತವೆ. ನೋಡಲು ಚೆಂದ, ಆದರೆ ಅಲ್ಲೇ ಒಂದು ದಿನ ಒಡೆಯುವುದು. ಊದಪ್ಪ ಹಿಡಿದು ತೋರಿಸಿದ. ಎಲ್ಲೂ ಬಣ್ಣವಿರಲಿಲ್ಲ. ಚೂರಮ್ಮ ಕೈ ಚಾಚಿದಳು. "ನೀನಲ್ಲ," ಎಂದು ಅದನ್ನು ನನ್ನ ಕೈಗೆ ಕೊಟ್ಟ.

ಹನ್ನೆರಡಕ್ಕೆ ಕೆಂಪು ಬಟ್ಟೆ ಬಿಚ್ಚಿದ. ಸರಾಸರಿ ಸಾರ್ ಬಾಗಿಲಿನಿಂದಲೇ ಒಳಗೆ ಹೋದರು. ಬೀರುವಿನ ಹಿಂದೆ, ಮೇಜಿನ ಕೆಳಗೆ ನೋಡಿ, 'ಕಾಣೆಯಾದವರು: ಶೂನ್ಯ' ಎಂದು ಬರೆದುಕೊಂಡರು. ಲೆಕ್ಕ ತಿದ್ದುವುದು ಸಮಿತಿ ಮುಗಿಸಿ ಕಚೇರಿಗೆ ಹೋದ ಮೇಲೆ. ಆಮೇಲೆ ಕುತೂಹಲಕ್ಕೆ ಆ ಕಪ್ಪು ಹಾಳೆಗಳನ್ನು ಕೇಳಿ ಪಡೆದು, ಕಿಟಕಿಗೆ ಬಂದ ಒಂದೊಂದೇ ಒಡಕನ್ನು ಹಿಡಿದು ಬಣ್ಣ ನೋಡುತ್ತ ನಿಂತುಬಿಟ್ಟರು. ಹನ್ನೆರಡೂ ಇಪ್ಪತ್ತಾಯಿತು. ಅಷ್ಟರಲ್ಲಿ ಊದಪ್ಪನ ಕೈ ಸುಮ್ಮನಿರಲಾರದೆ ಹೊಸ ಫ್ಲಾಸ್ಕೊಂದಕ್ಕೆ ಉರಿ ಹಚ್ಚಿತ್ತು.

"ಸಮಿತಿಗೆ ಹತ್ತು ನಿಮಿಷ ಇದೆ," ಎಂದು ಸಾರ್ ಬಾಗಿಲ ಕಡೆ ನಡೆದರು.

"ಸಾರ್," ಎಂದ ಊದಪ್ಪ ತಲೆಯೆತ್ತದೆ, ಗಾಜು ತಿರುಗಿಸುತ್ತ. "ಬಟ್ಟೆ ಕಟ್ಟಿದ್ದೀನಿ."

ಸಾರ್ ಬಾಗಿಲು ನೋಡಿದರು, ಗಡಿಯಾರ ನೋಡಿದರು, ಕಿಟಕಿ ನೋಡಿದರು. ಹೊರಗೆ ನಿಂತಿದ್ದ ನಾನು ಅವರ ಕಡತ ಹಿಡಿದುಕೊಂಡೆ, ಚೂರಮ್ಮ ಅವರ ಕನ್ನಡಕ ಹಿಡಿದುಕೊಂಡಳು. ವಯಸ್ಸಿಗೆ ಹೋಲಿಸಿದರೆ ಚೆನ್ನಾಗಿಯೇ ಇಳಿದರು. ಪ್ಯಾಂಟಿನ ಧೂಳು ಕೊಡವಿಕೊಂಡು ಸಮಿತಿಗೆ ಹೋಗಿ, ಹದಿನಾಲ್ಕನೇ ಕೋಣೆಯನ್ನು 'ಇತರೆ'ಗೆ ಸೇರಿಸಿ, ಡಬ್ಬಿಯನ್ನು ಮರುದಿನವೇ ತೆಗೆಸುವ ಆದೇಶಕ್ಕೆ ಸಹಿ ಹಾಕಿಸಿದರು.

ಮೂರಕ್ಕೆ ಸರಿಯಾಗಿ ಭದ್ರತೆಯವರು ರಿಜಿಸ್ಟರ್ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದರು.

"ಮೇಡಂ, ಮೊದಲಿನ ಮೂವರು ಸರಿ," ಎಂದರು. "ನಾಲ್ಕನೆಯವರು ಯಾರು?"